ಕಾರಿಲ್ಲದೆ, ಪುಟ್ಟ ಮಗುವಿನ ಕೈ ಹಿಡಿದು ಬೀದರ್ ನೋಡಲು ಬರುವವರ ಪರವಾಗಿ ಒಂದು ಬಹಿರಂಗ ಪತ್ರ

ಬೀದರ್ ಜಿಲ್ಲಾಧಿಕಾರಿಗಳಿಗೆ, ಪ್ರವಾಸೋದ್ಯಮ ಮತ್ತು ಪುರಾತತ್ವ ಇಲಾಖೆಗಳ ಅಧಿಕಾರಿಗಳಿಗೆ, ನಗರಾಡಳಿತದವರಿಗೆ, ಸಾರಿಗೆ ಸಂಸ್ಥೆಯವರಿಗೆ ನಮಸ್ಕಾರ.

ನಾನು ಕಲಬುರಗಿಯವಳು. ಮಗಳಿಗೆ ನಾಲ್ಕು ವರ್ಷ, ಅಂಗನವಾಡಿಗೆ ಹೋಗುತ್ತಾಳೆ. ನಮ್ಮ ಮನೆಯಲ್ಲಿ ಕಾರಿಲ್ಲ. ಇರುವ ಒಂದು ಬೈಕು ಅವರಪ್ಪನ ಕೆಲಸಕ್ಕೆ ಬೇಕು. ಹಾಗಾಗಿ ತಾಯಿ ಮಗಳು ಎಲ್ಲಿಗೆ ಹೊರಟರೂ ರೈಲು, ಬಸ್ಸು, ಆಟೋ, ಉಳಿದದ್ದು ನಡಿಗೆ. ನಮ್ಮಂಥವರೇ ಜಾಸ್ತಿ ಅಲ್ವಾ? ರಜೆಯ ದಿನ ಮುಂಜಾನೆ ಬೀದರ್ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಕೈಯಲ್ಲಿ ಬುತ್ತಿ ಚೀಲ, ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದುಕೊಂಡು ಇನ್ನೊಂದು. ಗುರುದ್ವಾರಕ್ಕೆ, ನರಸಿಂಹ ಝರಣಿಯ ಗುಹೆ ಗುಡಿಗೆ, ಕೋಟೆಗೆ ಬರುವ ಜನ ಇವರೇ.

ಪ್ರವಾಸೋದ್ಯಮದ ಮಾತು ಬಂದಾಗ ಮೊದಲು ಕಿವಿಗೆ ಬೀಳುವುದು ಪಾರ್ಕಿಂಗ್, ಅಗಲವಾದ ರಸ್ತೆ, ವಿಮಾನ. ಅವು ಬೇಡ ಎನ್ನುತ್ತಿಲ್ಲ. ನಾನು ಕೇಳುವುದು ಇಷ್ಟೇ: ಯೋಜನೆಯ ಕಾಗದದ ಮೇಲೆ ನಾಲ್ಕು ವರ್ಷದ ಮಗುವಿನ ಕಾಲಿಗೂ ಒಂದು ಜಾಗ ಕೊಡಿ. ಆ ಮಗು ಎಷ್ಟು ದೂರ ನಡೆದೀತು, ಎಲ್ಲಿ ಕೂತೀತು, ಎಲ್ಲಿ ನೀರು ಕುಡಿದೀತು, ಎಲ್ಲಿ ಒಂದಕ್ಕೆ ಹೋದೀತು ಎಂದು ಒಮ್ಮೆ ಲೆಕ್ಕ ಹಾಕಿ. ಅಷ್ಟು ಮಾಡಿದರೆ ಮುದುಕರಿಗೂ, ಬಸುರಿಯರಿಗೂ, ಗಾಲಿಕುರ್ಚಿಯಲ್ಲಿ ಬರುವವರಿಗೂ ಅನುಕೂಲವಾಗುತ್ತದೆ.

ಬೀದರಿಗೆ ಇದು ಕಷ್ಟದ ಕೆಲಸವಲ್ಲ. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಕಾರಿಲ್ಲದೆ ತಿರುಗಲು ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಊರು ಎತ್ತರದ ಮೇಲಿದೆ, ಬಿಸಿಲು ಕಲಬುರಗಿಯಷ್ಟು ಕಾಡುವುದಿಲ್ಲ. ಚೌಬಾರಾ ಗೋಪುರ, ಗವಾನ್ ಮದರಸಾ, ಕೋಟೆ ಮೂರೂ ಒಂದೇ ದಾರಿಯ ಮೇಲಿವೆ. ಬಸ್ ನಿಲ್ದಾಣದಿಂದ ಬರೀದ್ ಶಾಹಿ ಅರಸರ ಗೋರಿಯ ಗುಂಬಜ್‌ಗಳು ಹತ್ತಿರ. ದೂರ ಎಂದರೆ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು, ಅದೂ ಮೂರು ನಾಲ್ಕು ಕಿಲೋಮೀಟರ್ ಅಷ್ಟೇ. ಬಹಮನಿ ಸುಲ್ತಾನರು ನಮ್ಮ ಕಲಬುರಗಿಯಿಂದ ರಾಜಧಾನಿಯನ್ನು ಎತ್ತಿ ಇಲ್ಲಿಗೆ ತಂದದ್ದು ಸುಮ್ನೆ ಅಲ್ಲ.

ಬರುವ ದಾರಿಯೂ ಈಗ ಸುಲಭವಾಗಿದೆ. 2017ರ ಅಕ್ಟೋಬರ್ 29ರಂದು ಬೀದರ್-ಕಲಬುರಗಿ ರೈಲು ಮಾರ್ಗ ಶುರುವಾಯಿತು. ಅದಕ್ಕೆ ಮುಂಚೆ ನಮ್ಮ ಕಡೆಯವರು ಎಷ್ಟು ವರ್ಷ ಕಾದಿದ್ದರು ಎಂಬುದು ನಿಮಗೂ ಗೊತ್ತು. ಐದು ವರ್ಷದೊಳಗಿನ ಮಗುವಿಗೆ ರೈಲಿನಲ್ಲಿ ಟಿಕೆಟ್ ಇಲ್ಲ. ದಾರಿಯಲ್ಲಿ ಸುರಂಗ ಬರುತ್ತದೆ. ಡಬ್ಬಿಯೊಳಗೆ ಕತ್ತಲೆಯಾದ ಕೂಡಲೇ ಎಲ್ಲ ಮಕ್ಕಳೂ ಒಟ್ಟಿಗೆ ಕೂಗುತ್ತವೆ. ಯಾರ ಮಗು, ಯಾವ ಭಾಷೆ ಎಂದಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಚೀಲದಲ್ಲಿದ್ದರೆ ಮುಂಜಾನೆಯ ತಿಂಡಿಯ ಚಿಂತೆಯೂ ಇಲ್ಲ.

ಬಸ್ಸಿನದಂತೂ ಇನ್ನೂ ಸಲೀಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನನಗೆ ಟಿಕೆಟ್ ಹಣವಿಲ್ಲ, ಮಗಳಿಗೆ ಅರ್ಧ ಟಿಕೆಟ್‌ನ ವಯಸ್ಸಾಗಿಲ್ಲ. ಕಲಬುರಗಿಯಿಂದ ಬೀದರಿಗೆ 110 ಕಿಲೋಮೀಟರ್ ಆಸುಪಾಸು. ಅಷ್ಟೂ ದಾರಿ ಒಂದು ಪೈಸೆ ಖರ್ಚಿಲ್ಲದೆ ಬಂದುಬಿಡುತ್ತೇವೆ. ಸ್ಮಾರಕಗಳಲ್ಲೂ ಹಾಗೆಯೇ, ಟಿಕೆಟ್ ಇರುವ ಕಡೆಯೂ 15 ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆ ದುಡ್ಡು ಕೇಳುವುದಿಲ್ಲ. ಇವು ಸಣ್ಣ ಉಪಕಾರಗಳಲ್ಲ. ಇವನ್ನು ಮಾಡಿದವರನ್ನು ನನ್ನಂಥ ಹೆಂಗಸರು ನೆನೆಯುತ್ತೇವೆ.

ಖರ್ಚು, ತಾಪತ್ರಯ ಎಲ್ಲ ಶುರುವಾಗುವುದು ಬೀದರಿನಲ್ಲಿ ಇಳಿದ ಮೇಲೆ. ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಪ್ರತಿ ಸಲ ಆಟೋದವರ ಜೊತೆ ರೇಟು ಮಾತಾಡಬೇಕು. ನಾನು ಆಟೋದವರ ಮೇಲೆ ದೂರು ಹೇಳುತ್ತಿಲ್ಲ. ನಿಜ ಹೇಳಬೇಕೆಂದರೆ ಬೀದರಿನಲ್ಲಿ ಮಕ್ಕಳನ್ನು ಎಲ್ಲರಿಗಿಂತ ಜಾಸ್ತಿ ಪ್ರೀತಿಯಿಂದ ಕಾಣುವವರು ಅವರೇ. "ಬಾ ಬೇಟಿ, ಈ ಕಡೆ ಕುಂದ್ರು" ಎಂದು ನಡುವೆ ಕೂರಿಸುತ್ತಾರೆ. ನನ್ನ ಮಗಳಿಗೆ ಅವರೆಲ್ಲ ಕಾಕಾಗಳು. ಆದರೆ ಅವರೂ ಹೊಟ್ಟೆಪಾಡಿಗೆ ಓಡಿಸುವವರು. ಅಷ್ಟೂರಿಗೆ ಹೋದರೆ ವಾಪಸ್ ಬರುವಾಗ ಗಿರಾಕಿ ಸಿಗುವುದು ಕಷ್ಟ, ಹಾಗಾಗಿ ಎರಡೂ ಕಡೆಯ ಬಾಡಿಗೆ ಕೇಳುತ್ತಾರೆ. ನಾವು ಅಲ್ಲಿ ನೋಡುವಷ್ಟು ಹೊತ್ತು ಕಾಯಲು ಬೇರೆ. ಅವರ ಲೆಕ್ಕದಲ್ಲಿ ಅದು ಸರಿಯೇ. ನಮ್ಮ ಪರ್ಸಿನ ಲೆಕ್ಕದಲ್ಲಿ ಆಗುವುದಿಲ್ಲ. ಹಾಗಾಗಿ ಎಷ್ಟೋ ಸಂಸಾರಗಳು ಅಷ್ಟೂರು ನೋಡದೆಯೇ ವಾಪಸ್ ಹೋಗುತ್ತವೆ.

ಇದಕ್ಕೆ ದಾರಿ ಇದೆ. ಒಂದು ಸುತ್ತು ಬಸ್ಸು ಓಡಿಸಿ. ರೈಲು ನಿಲ್ದಾಣ, ಬಸ್ ನಿಲ್ದಾಣ, ಬರೀದ್ ಶಾಹಿ ಉದ್ಯಾನ, ನಾನಕ್ ಝೀರಾ ಗುರುದ್ವಾರ, ನರಸಿಂಹ ಝರಣಿ, ಚೌಬಾರಾ, ಮದರಸಾ, ಕೋಟೆ, ಚೌಖಂಡಿ ಗೋರಿ, ಅಷ್ಟೂರು, ಮತ್ತೆ ವಾಪಸ್. ಇದೇ ಕ್ರಮದಲ್ಲಿ ಆಗಬೇಕೆಂದಿಲ್ಲ, ದಾರಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದಿನವೂ ಆಗದಿದ್ದರೆ ಶನಿವಾರ, ಭಾನುವಾರ, ಹಬ್ಬದ ರಜೆಗಳಲ್ಲಿ ತಾಸಿಗೊಂದು ಸಾಕು. ದೊಡ್ಡ ಬಸ್ಸೂ ಬೇಡ. ಹಳೆ ಊರಿನ ಗಲ್ಲಿಗಳಲ್ಲಿ ಅದು ತಿರುಗುವುದೂ ಕಷ್ಟ. ಹಂಪಿಯಲ್ಲಿ ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿಗಳು ಓಡುತ್ತವಲ್ಲ, ಅಂಥ ಸಣ್ಣ ಗಾಡಿಗಳಾದರೂ ನಡೆಯುತ್ತದೆ. ಅವುಗಳ ಮೆಟ್ಟಿಲು ತಗ್ಗಿನಲ್ಲಿರುತ್ತದೆ. ಮಾಮೂಲಿ ಬಸ್ಸಿನ ಮೊದಲ ಮೆಟ್ಟಿಲು ನನ್ನ ಮಗಳ ತೊಡೆಯವರೆಗೆ ಬರುತ್ತದೆ, ಎತ್ತಿ ಹತ್ತಿಸದೆ ಬೇರೆ ದಾರಿಯಿಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ 15 ಕೆ.ಜಿ. ಮಗು, ಹಿಂದಿನಿಂದ ನೂಕುವ ಜನ. ಈ ಗಾಡಿಗಳನ್ನು ಈಗಿನ ಆಟೋ ಚಾಲಕರ ಕೈಗೇ ಕೊಟ್ಟರೆ ಅವರ ದುಡಿಮೆಯೂ ಉಳಿಯುತ್ತದೆ. ಇಡೀ ದಿನಕ್ಕೆ ಒಂದೇ ಪಾಸು, ಎಲ್ಲಿ ಬೇಕಾದರೂ ಇಳಿದು ಹತ್ತುವಂತಿರಲಿ. ಅಲ್ಲಿಯವರೆಗೆ ರೈಲು ನಿಲ್ದಾಣದಲ್ಲೂ ಬಸ್ ನಿಲ್ದಾಣದಲ್ಲೂ ಎಲ್ಲಿಂದ ಎಲ್ಲಿಗೆ ಎಷ್ಟು ರೂಪಾಯಿ ಎಂಬ ಒಂದು ದೊಡ್ಡ ಬೋರ್ಡು ಹಾಕಿಸಿ. ಅದಕ್ಕೆ ಟೆಂಡರ್ ಕಾಯಬೇಕಾಗಿಲ್ಲ.

ಈಗ ನಡಿಗೆಯ ಮಾತು. ಚೌಬಾರಾದಿಂದ ಕೋಟೆಯವರೆಗಿನ ದಾರಿ ನನಗೆ ಬಹಳ ಇಷ್ಟ. ಚೌಬಾರಾದ ದುಂಡು ಗೋಪುರ ಎಲ್ಲಿಂದ ನೋಡಿದರೂ ಕಾಣುತ್ತದೆ, ಮಗುವಿಗೂ ಗುರುತು ಸಿಗುತ್ತದೆ. ಪಕ್ಕದ ಓಣಿಗಳಲ್ಲಿ ಬಿದ್ರಿ ಕೆಲಸದ ಅಂಗಡಿಗಳು. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಮುಂದಿಟ್ಟುಕೊಂಡು ಒಬ್ಬರು ಕೂತಿರುತ್ತಾರೆ. ಉಳಿಯಿಂದ ಗೀರು ತೆಗೆದು, ಕೂದಲೆಳೆಯಂಥ ಬೆಳ್ಳಿ ತಂತಿಯನ್ನು ಅದರೊಳಗೆ ತಟ್ಟಿ ತಟ್ಟಿ ಕೂರಿಸುತ್ತಾರೆ. ನನ್ನ ಮಗಳು ಅಲ್ಲಿ ನಿಂತರೆ ಕದಲುವುದಿಲ್ಲ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ತಿಕ್ಕಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಇದನ್ನು ನೋಡಿದ ಮಗುವಿನ ಮುಖ ನೀವು ನೋಡಬೇಕು. ಈ ಊರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಥ ಕೆಲಸವನ್ನು ಮಕ್ಕಳು ಹತ್ತಿರ ಕೂತು ನೋಡಲು ಮದರಸಾದ ಬಳಿಯೋ ಕೋಟೆಯ ಬಾಗಿಲ ಬಳಿಯೋ ಒಂದು ನೆರಳಿನ ಕಟ್ಟೆ ಮಾಡಿಕೊಡಿ. ಕುಶಲಕರ್ಮಿಗಳಿಗೆ ಆ ದಿನದ ಕೂಲಿ ಕೊಟ್ಟು ಕರೆಸಿ, ಪುಕ್ಕಟೆ ಬೇಡ.

ಆದರೆ ಇದೇ ದಾರಿಯಲ್ಲಿ ಮಗುವನ್ನು ನಡೆಸಿಕೊಂಡು ಹೋಗುವುದೆಂದರೆ ಜೀವ ಕೈಯಲ್ಲಿ ಹಿಡಿದಂತೆ. ಬೈಕು, ಆಟೋ, ಕಾರು ಎಲ್ಲ ಎದುರುಬದುರು. ಫುಟ್‌ಪಾತ್ ಇರುವ ಕಡೆ ಅದರ ಮೇಲೆ ಗಾಡಿ ನಿಂತಿರುತ್ತದೆ, ಇಲ್ಲವೇ ಅಂಗಡಿಯ ಸಾಮಾನು. ದೊಡ್ಡವರಾದರೆ ಪಕ್ಕಕ್ಕೆ ಸರಿದು ಹೋಗುತ್ತೇವೆ. ಕಾರಿನ ಬಾನೆಟ್ಟಿಗಿಂತ ಕುಳ್ಳಗಿರುವ ಮಗು ಹಿಂದೆ ಬರುವವನ ಕಣ್ಣಿಗೇ ಬೀಳುವುದಿಲ್ಲ. ಅರ್ಬನ್ 95 ಎಂಬ ಒಂದು ಕಾರ್ಯಕ್ರಮ ಇದೆ. 95 ಸೆಂಟಿಮೀಟರ್ ಎಂದರೆ ಮೂರು ವರ್ಷದ ಆರೋಗ್ಯವಂತ ಮಗುವಿನ ಎತ್ತರ. ಆ ಎತ್ತರದಿಂದ ಊರು ಹೇಗೆ ಕಾಣುತ್ತದೆ ಎಂದು ನೋಡಿ ರಸ್ತೆ, ಉದ್ಯಾನ ಮಾಡಿ ಎನ್ನುವುದು ಅದರ ಮಾತು. ನಮ್ಮ ದೇಶದಲ್ಲೂ 2020ರಲ್ಲಿ ಸ್ಮಾರ್ಟ್ ಸಿಟಿ ಮಿಷನ್ ಇದೇ ವಿಚಾರ ಇಟ್ಟುಕೊಂಡು ಐದು ವರ್ಷದೊಳಗಿನ ಮಕ್ಕಳಿಗಾಗಿ ನಗರಗಳ ನಡುವೆ ಒಂದು ಸ್ಪರ್ಧೆ ಮಾಡಿತು. ನಮ್ಮ ಹುಬ್ಬಳ್ಳಿ-ಧಾರವಾಡವೂ ಅದರಲ್ಲಿ ಆಯ್ಕೆಯಾಗಿತ್ತು. ಬೀದರಿಗೂ ಅದು ಆಗದ ಮಾತಲ್ಲ. ರಜೆಯ ದಿನ ಮುಂಜಾನೆ ಏಳರಿಂದ ಹನ್ನೊಂದರವರೆಗೆ ಈ ಒಂದು ದಾರಿಯಲ್ಲಿ ಕಾರು ಬಿಡಬೇಡಿ. ಅಂಗಡಿಯವರನ್ನು ಕೂರಿಸಿಕೊಂಡು ಮಾತಾಡಿ. ನಡೆದು ಬರುವ ಗಿರಾಕಿಯೇ ಅಂಗಡಿಯೊಳಗೆ ಇಣುಕುವವನು ಎಂಬುದು ಅವರಿಗೂ ಗೊತ್ತು.

ಮದರಸಾದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎದುರಿಗೆ ಹುಲ್ಲಿದೆ, ಓಡಲು ಜಾಗವಿದೆ, ಮಗುವಿಗೆ ಇನ್ನೇನು ಬೇಕು? ಇರಾನಿನಿಂದ ಬಂದು ಬಹಮನಿಗಳ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು, ಮೊಗಲರ ಕಾಲದಲ್ಲಿ ಮದ್ದು ಸಿಡಿದು ಅರ್ಧ ಹೋಯಿತು ಎಂದೆಲ್ಲ ನಾನು ಹೇಳುತ್ತೇನೆ. ಅವಳು ಉಳಿದಿರುವ ಮಿನಾರಿನ ಮೇಲಿನ ಅಂಕುಡೊಂಕು ಹೆಂಚಿನ ಸಾಲನ್ನು ಗಾಳಿಯಲ್ಲಿ ಬೆರಳಿಂದ ಎಳೆಯುತ್ತಾ ನಿಲ್ಲುತ್ತಾಳೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ನೀಲಿ ಎಲ್ಲಿ ಹೋಯಿತು ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಕೊಡುವ ಒಂದು ಚಿತ್ರದ ಫಲಕ ಅವಳ ಎತ್ತರಕ್ಕೆ ಇದ್ದರೆ ಎಷ್ಟು ಚೆನ್ನ! ಇಡೀ ಗೋಡೆ ಹೆಂಚಿನಿಂದ ಹೊಳೆಯುತ್ತಿದ್ದಾಗ ಹೇಗಿತ್ತು ಎಂಬ ಬಣ್ಣದ ಚಿತ್ರ. ಕನ್ನಡದಲ್ಲಿ, ಉರ್ದುವಿನಲ್ಲಿ ಎರಡೆರಡು ಸಾಲು. ಕೋಟೆಯ ಶರ್ಜಾ ದರ್ವಾಜಾದ ಮೇಲಿನ ಹುಲಿಗಳಿಗೂ ಅಂಥದ್ದೇ ಒಂದು ಬೇಕು. ತಲೆಯೆತ್ತಿ ನೋಡು ಎಂದು ಯಾರಾದರೂ ಹೇಳದಿದ್ದರೆ ಮಕ್ಕಳು ಅವನ್ನು ನೋಡದೆಯೇ ಒಳಗೆ ಹೋಗಿಬಿಡುತ್ತವೆ.

ಇನ್ನು ಕೋಟೆ. ನಿಮ್ಮ ಗಮನವೆಲ್ಲ ಇಲ್ಲಿರಲಿ ಎಂದು ಬೇಡಿಕೊಳ್ಳುತ್ತೇನೆ.

ಬೀದರ್ ಕೋಟೆ ದೊಡ್ಡದು. ಕಲ್ಲು ಕಡಿದು ಮಾಡಿದ ಮೂರು ಸುತ್ತಿನ ಕಂದಕ ದಾಟಿ, ಶರ್ಜಾ ದರ್ವಾಜಾ, ಗುಂಬದ್ ದರ್ವಾಜಾ ಹಾಯ್ದು ಒಳಗೆ ಬರುವಷ್ಟರಲ್ಲಿ ಸಣ್ಣ ಕಾಲುಗಳ ಅರ್ಧ ಶಕ್ತಿ ಮುಗಿದಿರುತ್ತದೆ. ಆದರೆ ನೋಡುವುದು ಶುರುವಾಗುವುದೇ ಅಲ್ಲಿಂದ. ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಹೂಬಳ್ಳಿ, ಅರಸರ ಸ್ನಾನದ ಮನೆಯಲ್ಲಿರುವ ಮ್ಯೂಸಿಯಂ, ಲಾಲ್ ಬಾಗ್, ಸೋಲಾ ಖಂಬ ಮಸೀದಿ, ತರ್ಕಶ್ ಮಹಲ್, ಗಗನ್ ಮಹಲ್, ಅದರಾಚೆ ತಖ್ತ್ ಮಹಲ್. ನನ್ನ ಮಗಳು ಸೋಲಾ ಖಂಬದ ಕಂಬಗಳನ್ನು ಎಣಿಸಲು ಹೊರಟರೆ ಹತ್ತರ ಆಚೆ ತಪ್ಪುತ್ತಾಳೆ, ಮತ್ತೆ ಮೊದಲಿಂದ ಶುರು. ಅಲ್ಲಿಯವರೆಗೆ ಖುಷಿಯೋ ಖುಷಿ. ಆಮೇಲೆ ಬಿಸಿಲು ನೆತ್ತಿಗೆ ಬರುತ್ತದೆ. "ಮಮ್ಮಿ, ಕಾಲು ನೋಯ್ಲಿಕತ್ತಾವ, ಎತ್ಕೊ." ಎತ್ತಿಕೊಂಡು ಎಷ್ಟು ದೂರ ನಡೆಯಲಿ? ಸುತ್ತ ಬಯಲು, ಕಾದ ಕೆಂಪು ಕಲ್ಲು. ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗೋಣ ಎಂದರೆ ಆ ಕಲ್ಲುಗಳ ಮೇಲೆ ಅದರ ಗಾಲಿ ಓಡುವುದಿಲ್ಲ. ಕಾರಿನಲ್ಲಿ ಬಂದವರಾದರೆ ಮಗುವನ್ನು ಒಳಗೆ ಮಲಗಿಸಿ, ನೀರು ಕುಡಿಸಿ, ಎಸಿ ಹಾಕಿ ಸುಧಾರಿಸಿಕೊಳ್ಳುತ್ತಾರೆ. ನಮಗೆ ಆ ಕಾರು ಕೊಡುವ ಎಲ್ಲವನ್ನೂ ದಾರಿಯೇ ಕೊಡಬೇಕು. ನೆರಳು, ನೀರು, ಕೂರುವ ಜಾಗ, ಚೀಲ ಇಡುವ ಜಾಗ.

ಹಾಗಾಗಿ ಕೇಳುತ್ತೇನೆ. ಒಂದು ಮಹಲಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ, ಮಗು ಒಂದೇ ಉಸಿರಿಗೆ ನಡೆಯುವಷ್ಟು ಅಂತರಕ್ಕೆ ಒಂದೊಂದು ನೆರಳಿನ ಕಟ್ಟೆ ಬೇಕು. ಬೇವಿನ ಮರ ನೆಟ್ಟರೆ ಸಾಕು, ಅದು ಬೆಳೆಯುವವರೆಗೆ ತೆಗೆದಿಡಬಹುದಾದ ಚಪ್ಪರ. ಕಟ್ಟೆಯ ಒಂದು ಬದಿ ತಗ್ಗಾಗಿರಲಿ, ಮಗು ತಾನೇ ಹತ್ತಿ ಕೂರುವಂತೆ. ಬಾಗಿಲ ಬಳಿ ಚೀಲ ಇಡುವ ಒಂದು ಕೋಣೆ ಬೇಕು. ರೈಲಿನಿಂದ ನೇರ ಬಂದವರು ಬುತ್ತಿ, ಬಟ್ಟೆ, ನೀರಿನ ಬಾಟಲಿ ಎಲ್ಲ ಹೆಗಲಿಗೆ ಹಾಕಿಕೊಂಡೇ ಕೋಟೆ ಸುತ್ತುತ್ತೇವೆ. ಎತ್ತರದ ಬುರುಜುಗಳ ಮೇಲೆ, ತೋಪುಗಳಿರುವ ಕಡೆ, ಗೋಡೆಯ ಅಂಚು ಗಿಡ್ಡವಿರುವಲ್ಲಿ ಒಬ್ಬ ಕಾವಲುಗಾರನಾದರೂ ಇರಲಿ. ಮಕ್ಕಳು ತೋಪು ಕಂಡರೆ ಓಡದೆ ಇರುವುದಿಲ್ಲ.

ಶೌಚಾಲಯದ ಮಾತು ಬಿಡಿಸಿ ಹೇಳಬೇಕು. ನಾಲ್ಕು ವರ್ಷದ ಮಗು ಬಂತು ಎಂದರೆ ಬಂತು. ಐದು ನಿಮಿಷ ತಡೆ ಎಂದರೆ ಅದಕ್ಕೆ ಆಗುವುದಿಲ್ಲ. ಗಂಡುಮಕ್ಕಳನ್ನು ಗೋಡೆಯ ಕಡೆ ನಿಲ್ಲಿಸಿಬಿಡುತ್ತಾರೆ. ಆರುನೂರು ವರ್ಷದ ಗೋಡೆಗಳಿಗೆ ಹೀಗೆ ಮಾಡಬೇಕೇ? ಹೆಣ್ಣುಮಗುವಿಗೆ, ಅದರ ತಾಯಿಗೆ ಆ ದಾರಿಯೂ ಇಲ್ಲ. ಎಷ್ಟೋ ಹೆಂಗಸರು ಕೋಟೆಗೆ ಹೋಗಬೇಕೆಂದು ಮುಂಜಾನೆಯಿಂದ ನೀರನ್ನೇ ಕುಡಿದಿರುವುದಿಲ್ಲ. ಸ್ಮಾರಕದ ನೂರು ಮೀಟರಿನೊಳಗೆ ಏನೂ ಕಟ್ಟುವಂತಿಲ್ಲ, ಕಾನೂನು ಅಡ್ಡ ಬರುತ್ತದೆ ಎನ್ನುವ ಮಾತು ನಾನು ಕೇಳಿದ್ದೇನೆ. ನೂರು ಮೀಟರಿನ ನಿಯಮ ಇರುವುದು ಖರೆ. ಆದರೆ 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯನ್ನೇ ತೆಗೆದು ನೋಡಿ. ಕಟ್ಟಡ ನಿರ್ಮಾಣ ಎಂದರೆ ಏನು ಎಂದು ಹೇಳುವ ಕಡೆ ಸಾರ್ವಜನಿಕ ಶೌಚಾಲಯ, ಮೂತ್ರಾಲಯ, ಜನರಿಗೆ ನೀರು ಕೊಡುವ ಕಾಮಗಾರಿ, ಚರಂಡಿ ಇವನ್ನೆಲ್ಲ ಅದರಿಂದ ಹೊರಗಿಟ್ಟಿದ್ದಾರೆ. ಕಾನೂನು ಮಾಡಿದವರಿಗೆ ಜನರ ಕಷ್ಟ ಗೊತ್ತಿತ್ತು. ಇನ್ನು ಬೇಕಾಗಿರುವುದು ಜಿಲ್ಲಾಡಳಿತ, ಪುರಾತತ್ವ ಇಲಾಖೆ ಒಂದೇ ಮೇಜಿಗೆ ಕೂತು ಜಾಗ ಗುರುತು ಮಾಡುವುದು. ಕಟ್ಟಿದ ಮೇಲೆ ನೀರು, ಬೆಳಕು, ಒಳಗಿನಿಂದ ಚಿಲಕ, ತೊಳೆಯುವವರಿಗೆ ತಿಂಗಳಿಗೆ ಸರಿಯಾಗಿ ಸಂಬಳ. ಮಗುವಿನ ಎತ್ತರಕ್ಕೆ ಒಂದು ನಲ್ಲಿ. ಬೀಗ ಹಾಕಿಟ್ಟ ಶೌಚಾಲಯ ಇದ್ದೂ ಇಲ್ಲದಂತೆಯೇ, ಹಾಗಾಗಿ ಕೀಲಿ ಯಾರ ಹತ್ತಿರ ಎಂಬ ಪ್ರಶ್ನೆಯೇ ಬರದಂತೆ ಮಾಡಿ.

ಇದೆಲ್ಲ ಹೇಗಿರಬೇಕು ಎಂದು ನೋಡಲು ನೀವು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ ಬನ್ನಿ. ಗುರುನಾನಕರು ಇಲ್ಲಿ ಕಾಲಿನಿಂದ ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತು ಎಂಬ ನಂಬಿಕೆ ಇದೆ. ಸಿಖ್ಖರ ಖಾಲ್ಸಾಕ್ಕೆ ಮೊದಲು ಸೇರಿದ ಐವರು, ಅಂದರೆ ಪಂಚ ಪ್ಯಾರೇಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನವರು. ಅಲ್ಲಿ ಒಳಗೆ ಹೋಗುವಾಗ ಚಪ್ಪಲಿ ಇಸಿದುಕೊಂಡು ಬಿಲ್ಲೆ ಕೊಡುತ್ತಾರೆ. ಕಾಲು ತೊಳೆಯುವ ನೀರು ನೆಲದಲ್ಲೇ ಹರಿಯುತ್ತದೆ, ನನ್ನ ಮಗಳು ಅದರಲ್ಲಿ ಪಚಪಚ ಮಾಡದೆ ಮುಂದೆ ಬರುವವಳಲ್ಲ. ಯಾರೂ ಗದರುವುದಿಲ್ಲ. ತಲೆಗೆ ಬಟ್ಟೆ ಕಟ್ಟಿ ಒಳಗೆ ಹೋಗುತ್ತೇವೆ. ಆಮೇಲೆ ಲಂಗರ್, ಅಂದರೆ ಎಲ್ಲರಿಗೂ ಪುಕ್ಕಟೆ ಊಟ. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರುವುದರಿಂದ ಮಗುವೂ ನಮ್ಮ ಸಮಕ್ಕೆ ಕೂರುತ್ತದೆ. ಕುರ್ಚಿ ಎತ್ತರ, ಮೇಜು ಎತ್ತರ ಎನ್ನುವ ಗೋಳಿಲ್ಲ. ರೊಟ್ಟಿ ಕೊಡುವವರು ಬಗ್ಗಿ ಅವಳ ಎರಡೂ ಕೈಗೆ ಕೊಡುತ್ತಾರೆ. ದಾಲ್ ಖಾರವೆನಿಸಿದರೆ ಸಿಹಿ ಇರುತ್ತದೆ. ಉಂಡು ಮುಗಿಸಿ ತಣ್ಣನೆಯ ಹಾಸುಗಲ್ಲಿನ ಮೇಲೆ ಒಂದು ತಾಸು ಮಗುವನ್ನು ಮಲಗಿಸಿಕೊಂಡರೂ ಏಳಿ ಎನ್ನುವವರಿಲ್ಲ. ಯಾವ ಜಾತಿ, ಯಾವ ಊರು, ಏನಾದರೂ ಕೊಂಡಿರಾ ಎಂದು ಕೇಳುವವರಿಲ್ಲ. ನನ್ನಂಥವರು ಬೀದರಿನಲ್ಲಿ ಸಂಜೆಯವರೆಗೆ ಇರಲು ಸಾಧ್ಯವಾಗುವುದು ಈ ಒಂದು ಜಾಗದಿಂದ. ಸೇವೆ ಮಾಡುವ ಎಲ್ಲರಿಗೂ ಈ ಪತ್ರದ ಮೂಲಕ ಕೈ ಮುಗಿಯುತ್ತೇನೆ. ಅನ್ನ ಹಾಕಿ ಎಂದು ಸರ್ಕಾರವನ್ನು ನಾನು ಕೇಳುತ್ತಿಲ್ಲ. ಬಿಸಿಲಿಳಿಯುವ ತನಕ ಮಗುವನ್ನು ಮಲಗಿಸಿಕೊಳ್ಳಲು, ಮೊಲೆಯೂಡಿಸುವ ತಾಯಿಗೆ ಮರೆಯಾಗಿ ಕೂರಲು, ಕೋಟೆಯ ಹತ್ತಿರ ಒಂದು ಕೋಣೆ ಕೇಳುತ್ತಿದ್ದೇನೆ.

ನರಸಿಂಹ ಝರಣಿಯ ಬಗ್ಗೆ ಒಂದು ಮಾತು. ಗುಹೆಯ ನೀರು ದೊಡ್ಡವರಿಗೇ ಎದೆಮಟ್ಟ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವವರ ಭಕ್ತಿಗೆ ನಾನು ಎದುರಾಡುವುದಿಲ್ಲ. ನನ್ನ ಮಗಳನ್ನು ಮಾತ್ರ ನಾನು ಒಳಗೆ ಒಯ್ಯುವುದಿಲ್ಲ. ಕತ್ತಲೆ, ಬಾವಲಿ, ಜನರ ನೂಕುನುಗ್ಗಲು. ಆಳ ಎಷ್ಟು, ಇವತ್ತು ಸರದಿ ಎಷ್ಟು ಹೊತ್ತು, ಎಷ್ಟು ವಯಸ್ಸಿನ ಮಕ್ಕಳನ್ನು ಕರೆದೊಯ್ಯಬಹುದು ಎಂದು ಹೊರಗೇ ಬರೆದು ಹಾಕಿದರೆ ದೂರದಿಂದ ಬಂದವರು ಯೋಚಿಸಿ ತೀರ್ಮಾನ ಮಾಡುತ್ತಾರೆ. ಪಾಪನಾಶದ ಶಿವನ ಗುಡಿಗೆ ಅಂಥ ಚಿಂತೆಯಿಲ್ಲ, ಕೆರೆಯ ದಂಡೆಯಲ್ಲಿ ಕೈ ಬಿಡದಿದ್ದರೆ ಸಾಕು.

ಮಕ್ಕಳಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಬರೀದ್ ಶಾಹಿ ಗುಂಬಜ್‌ಗಳು ಎಂದು ನನ್ನ ಅಭಿಪ್ರಾಯ. ಅಲಿ ಬರೀದನ ಗುಂಬಜ್ ನಾಲ್ಕೂ ಕಡೆ ತೆರೆದಿದೆ. ಗಾಳಿ ಒಂದು ಕಮಾನಿನಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಸುತ್ತ ತೋಟ. ಮುಂಜಾನೆ ಬಸ್ಸಿಳಿದು ಮೊದಲು ಇಲ್ಲಿಗೆ ಬಂದರೆ ಮಗು ಪ್ರಯಾಣದ ಜಡ ಕಳೆದುಕೊಂಡು ಓಡಾಡುತ್ತದೆ. ಆದರೆ ಹೊಸದಾಗಿ ಬಂದವರಿಗೆ ಇದು ಇಷ್ಟು ಹತ್ತಿರ ಎಂದೇ ಗೊತ್ತಿರುವುದಿಲ್ಲ. ಬಸ್ ನಿಲ್ದಾಣದ ಬಾಗಿಲಲ್ಲಿ ಒಂದು ಬಾಣದ ಗುರುತು, ನಡೆದರೆ ಎಷ್ಟು ನಿಮಿಷ ಎಂಬ ಅಂಕಿ. ಅಷ್ಟು ಸಾಕು.

ಅಷ್ಟೂರಿಗೆ ಬಸ್ಸು ಬೇಕು ಎಂದು ಯಾಕೆ ಇಷ್ಟು ಹೇಳುತ್ತಿದ್ದೇನೆ ಎಂದರೆ, ಅಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗುಮ್ಮಟದ ಒಳಗೆ ಕತ್ತಲಿರುತ್ತದೆ. ನೋಡಿಕೊಳ್ಳುವವರು ಹೊರಗಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗೆ ಹಾಯಿಸುತ್ತಾರೆ. ಬೆಳಕಿನ ತುಂಡು ಗೋಡೆಯ ಮೇಲೆ ಹೋದಲ್ಲೆಲ್ಲ ಕೆಂಪು, ಬಂಗಾರದ ಬಣ್ಣದ ಬಳ್ಳಿ, ಅಕ್ಷರ ಎದ್ದು ಬರುತ್ತವೆ. ನನ್ನ ಮಗಳು ಆ ಬೆಳಕಿನ ಹಿಂದೆ ಓಡಿದಳು. ಪಕ್ಕದಲ್ಲೇ ಸಿಡಿಲು ಬಡಿದು ಸೀಳಿಹೋದ, ಇನ್ನೊಬ್ಬ ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ, ಹೊಟ್ಟೆಯೊಳಗಿನದೆಲ್ಲ ಕಾಣುವಂತೆ ನಿಂತಿದೆ. ಗುಮ್ಮಟ ಒಳಗೆ ಹೇಗಿರುತ್ತದೆ ಎಂದು ಮಗುವಿಗೆ ತೋರಿಸಲು ಇನ್ನೆಲ್ಲಿಗೆ ಹೋಗಲಿ? ಹೋಳಿ ಕಳೆದ ಮೇಲೆ ನಡೆಯುವ ಅಷ್ಟೂರ ಜಾತ್ರೆಗೆ ಹಿಂದೂ ಮುಸ್ಲಿಂ ಎನ್ನದೆ ಜನ ಸೇರುತ್ತಾರೆ. ಸುಲ್ತಾನ ಅಹ್ಮದ್ ಷಾನನ್ನು ಒಬ್ಬರು ವಲಿ, ಅಂದರೆ ಸಂತ ಎನ್ನುತ್ತಾರೆ, ಇನ್ನೊಬ್ಬರು ಅಲ್ಲಮಪ್ರಭು ಎನ್ನುತ್ತಾರೆ. ನಮ್ಮ ಮಕ್ಕಳು ಇದನ್ನು ಸಣ್ಣವರಿದ್ದಾಗಲೇ ನೋಡಬೇಕು. ಕಾರಿರುವವರ ಮಕ್ಕಳು ಮಾತ್ರ ನೋಡಿದರೆ ಹೇಗೆ?

2014ರಲ್ಲಿ ದಖ್ಖನ್ ಸುಲ್ತಾನರ ಕೋಟೆ, ಸ್ಮಾರಕಗಳನ್ನು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿಸಿದ್ದಾರೆ. ಕಲಬುರಗಿ, ವಿಜಯಪುರ, ಹೈದರಾಬಾದಿನ ಜೊತೆ ಬೀದರೂ ಅದರಲ್ಲಿದೆ. ಅದು ಪಕ್ಕಾ ಆದ ದಿನ ಹೊರಗಿನವರು ಬರುತ್ತಾರೆ, ಬರಲಿ. ಆದರೆ ಅದಕ್ಕೆಂದು ಮಾಡುವ ಕೆಲಸದಲ್ಲಿ ಹುಮನಾಬಾದ್, ಭಾಲ್ಕಿ, ಔರಾದ್, ಚಿಂಚೋಳಿಯಿಂದ ಬಸ್ಸಿನಲ್ಲಿ ಬರುವ ತಾಯಂದಿರನ್ನು ಮೊದಲು ನೆನೆಯಿರಿ.

ಕೊನೆಯದಾಗಿ ಒಂದು ವಿನಂತಿ. ಅಕ್ಟೋಬರಿನಲ್ಲಿ ಬಿಸಿಲು ಇಳಿದು ಪ್ರವಾಸಿಗರು ಜಾಸ್ತಿಯಾಗುವ ಮುಂಚೆ, ಒಂದು ಮುಂಜಾನೆ ಚೌಬಾರಾದಿಂದ ಸೋಲಾ ಖಂಬದವರೆಗೆ ಯಾವುದಾದರೂ ಒಂದು ಅಂಗನವಾಡಿಯ ಮಕ್ಕಳ ಜೊತೆ ನಡೆಯಿರಿ. ಕಾರ್ಯಕರ್ತೆಯರಿರಲಿ, ತಾಯಂದಿರಿರಲಿ. ಜೊತೆಗೆ ನಗರಾಡಳಿತದ ಒಬ್ಬ ಎಂಜಿನಿಯರ್, ಪುರಾತತ್ವ ಇಲಾಖೆಯ ಒಬ್ಬರು, ಸಾರಿಗೆ ಸಂಸ್ಥೆಯ ಒಬ್ಬರು, ಆಟೋ ಸಂಘದ ಒಬ್ಬರು. ಮಗು ಎಲ್ಲಿ ಕೂತಿತೋ ಅಲ್ಲಿ ಸುಣ್ಣದ ಗುರುತು ಹಾಕಿ, ಕಟ್ಟೆ ಅಲ್ಲೇ ಬರಲಿ. ಎಲ್ಲಿ 'ನೀರು' ಎಂದಿತೋ ಅಲ್ಲಿ ನಲ್ಲಿ. ಎಲ್ಲಿ ತಾಯಿ ಹೆದರಿ ಕೈ ಗಟ್ಟಿ ಹಿಡಿದಳೋ ಅಲ್ಲಿ ಗಾಡಿಗೆ ತಡೆ. ಯಾವ ಕೆಲಸ ಯಾವ ಇಲಾಖೆಯದು, ಯಾವ ತಾರೀಕಿನೊಳಗೆ ಎಂದು ಅಲ್ಲೇ ಬರೆದುಕೊಂಡು, ಆ ಪಟ್ಟಿಯನ್ನು ಬಸ್ ನಿಲ್ದಾಣದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ. ದಿನ ತಿಳಿಸಿದರೆ ಮುಂಜಾನೆಯ ಗಾಡಿಗೆ ನಾವೂ ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ತಾಯಿ